ಅಳುವ ಭೂಮಿ ಸಾಕು, ನಿಮ್ಮೂರ ಕೆರೆ ಬರೆಯಿರಿ

ಜನವರಿ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಫೆಬ್ರವರಿ 2 ವಿಶ್ವ ಜೌಗು ಪ್ರದೇಶ ದಿನ. ಶಾಲೆಗಳಲ್ಲಿ ಪೋಸ್ಟರ್ ಸ್ಪರ್ಧೆ. ಅದೂ ಕೈಯಲ್ಲೇ ಬರೆದಿರಬೇಕು, ಪ್ರಿಂಟ್ ತಂದರೆ ತೆಗೆದುಕೊಳ್ಳುವುದಿಲ್ಲ ಅನ್ನುವ ಷರತ್ತು ಬೇರೆ. ಈ ಸಲ ಮಕ್ಕಳು, ಅಪ್ಪ ಅಮ್ಮಂದಿರು, ಒಬ್ಬ ಮೇಷ್ಟ್ರು ಕೂಡ ಇದನ್ನೇ ಕೇಳಿದ್ದಾರೆ. ಹಾಗಾಗಿ ಪಿಂಚಣಿ, ಮಂಡಿನೋವು, ಹೂ ಬಿಡದ ಗುಲಾಬಿ ಗಿಡ, ಇವೆಲ್ಲ ಮುಂದಿನ ಸಂಚಿಕೆಗೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ನಮ್ಮೂರು ಲಕ್ಷ್ಮೇಶ್ವರದ ಹತ್ತಿರ. ಜೌಗು ಪ್ರದೇಶ ಉಳಿಸಿ ಅಂತ ಪೋಸ್ಟರ್ ಮಾಡಬೇಕು. ಎರಡು ಕೈಯಲ್ಲಿ ಭೂಮಿ ಹಿಡಿದ ಹಾಗೆ, ಭೂಮಿ ಕಣ್ಣೀರು ಹಾಕುವ ಹಾಗೆ ಬರೆಯಬೇಕು ಅಂತ ಇದ್ದೇನೆ. ಪ್ರೈಜ್ ಬರುತ್ತಾ?
– ವಿದ್ಯಾರ್ಥಿನಿ, ಗದಗ ಜಿಲ್ಲೆ

ಉತ್ತರ: ನೋಡು ತಂಗಿ, ಒಂದು ಗುಟ್ಟು ಹೇಳುತ್ತೇನೆ. ಹೋದ ವರ್ಷ ಒಂದು ಶಾಲೆಯವರು ನನ್ನನ್ನು ತೀರ್ಪುಗಾರನ ಕುರ್ಚಿಯಲ್ಲಿ ಕೂರಿಸಿದ್ದರು. ನಲವತ್ತು ಚಿಲ್ಲರೆ ಪೋಸ್ಟರ್. ಅದರಲ್ಲಿ ಹದಿನೇಳರಲ್ಲಿ ಭೂಮಿ ಅಳುತ್ತಿತ್ತು, ಎಣಿಸಿದ್ದೇನೆ. ಇನ್ನು ಕೆಲವದರಲ್ಲಿ ಎರಡು ಕೈ, ನಡುವೆ ಭೂಮಿ, ಮೇಲೊಂದು ಮೊಳಕೆ. ಚೆನ್ನಾಗಿಯೇ ಬರೆದಿದ್ದರು ಪಾಪ. ಆದರೆ ಹತ್ತನೆಯದಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣು ಟೀ ಲೋಟ ಹುಡುಕುತ್ತಿತ್ತು. ಕೊನೆಗೆ ಎಲ್ಲರೂ ನಿಂತು ನೋಡಿದ್ದು ಒಂದು ಎಮ್ಮೆಯನ್ನು. ಕೆರೆಯಲ್ಲಿ ಮುಳುಗಿ ಬರೀ ತಲೆ, ಬೆನ್ನಿನ ಗೆರೆ ಮಾತ್ರ ಕಾಣುವ ಎಮ್ಮೆ, ಬೆನ್ನ ಮೇಲೆ ಒಂದು ಬೆಳ್ಳಕ್ಕಿ, ಕೆಳಗೆ 'ನಾವಿಬ್ಬರೂ ಎಲ್ಲಿಗೆ ಹೋಗೋಣ?' ಅಂತ ಒಂದೇ ಸಾಲು. ಬರೆದ ಹುಡುಗನನ್ನು ಕರೆದು ಶಹಬ್ಬಾಸ್ ಅಂದರೆ, 'ಎಮ್ಮೆ ಕಾಲು ಬರೆಯೋಕೆ ಬರಲ್ಲ ಸಾರ್, ಅದಕ್ಕೇ ಮುಳುಗಿಸಿಬಿಟ್ಟೆ' ಅಂದ.

ಅವನು ಆ ಎಮ್ಮೆಯನ್ನು ದಿನಾ ನೋಡುತ್ತಿದ್ದ. ವ್ಯತ್ಯಾಸ ಅಷ್ಟೇ.

ನಿನಗಂತೂ ಮಾಗಡಿ ಕೆರೆ ಕೂಗಳತೆಯಲ್ಲಿದೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯ ದಾಟಿ. ನವೆಂಬರ್ ಸುಮಾರಿಗೆ ಬಂದರೆ ಮಾರ್ಚ್ ಹೊತ್ತಿಗೆ ವಾಪಸ್. ಹಗಲು ನೀರಿನ ಮೇಲೆ ವಿಶ್ರಾಂತಿ, ಬೆಳಗು ಸಂಜೆ ಸುತ್ತಲಿನ ಹೊಲಗಳಲ್ಲಿ ಮೇವು. ಊರಿನವರು ನೀರು ನಿಲ್ಲಿಸಿಕೊಳ್ಳಲು ಕಟ್ಟಿಸಿಕೊಂಡ ಕೆರೆ ಅದು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಪಕ್ಕದಲ್ಲೇ ಇಂಥದ್ದನ್ನು ಇಟ್ಟುಕೊಂಡು ಭೂಮಿಗೆ ಕಣ್ಣು ಮೂಗು ಬರೆಯುತ್ತೀಯಲ್ಲ!

ಒಂದು ಭಾನುವಾರ ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಬೆಳಿಗ್ಗೆ ಬೇಗ ಹೋಗು. ನೋಟ್‌ಬುಕ್, ಪೆನ್ಸಿಲ್ ಸಾಕು. ಏರಿಯ ಮೇಲೆ ದೂರದಲ್ಲೇ ಕೂತು ನೋಡು, ಹತ್ತಿರ ಹೋದರೆ ಹಾರಿಬಿಡುತ್ತವೆ. ಮೈ ಬೂದು, ತಲೆ ಬಿಳಿ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆ, ಕೊಕ್ಕು ಕಾಲು ಕಿತ್ತಳೆ ಹಳದಿ. ಆ ಎರಡು ಪಟ್ಟೆ ಮರೆತೆಯೋ, ಅದು ಸುಮ್ನೆ ಯಾರದೋ ಮನೆಯ ಬಾತುಕೋಳಿ ಆಗಿಬಿಡುತ್ತದೆ. ಒಂದು ಹಕ್ಕಿಯನ್ನು ಹಾಳೆಯ ಅರ್ಧ ತುಂಬುವಷ್ಟು ದೊಡ್ಡದಾಗಿ ಬರಿ. ಹಿಂದೆ ಕೆರೆಯ ಒಂದು ಗೆರೆ, ಒಂದು ಹೊಲ. ಸಾಲು ಹೀಗಿರಬಹುದು: 'ಮಂಗೋಲಿಯಾದಿಂದ ಬಂದಿದ್ದೇವೆ. ನೀರು ಇದೆಯಾ?' ಇದನ್ನೇ ಇಳಿಸಬೇಡ ಮತ್ತೆ, ಈ ಪತ್ರಿಕೆಯನ್ನು ನಿಮ್ಮ ಮೇಷ್ಟ್ರೂ ಓದುತ್ತಾರೆ. ನಿನ್ನದೇ ಒಂದು ಮಾಡು.

ಪ್ರೈಜ್ ವಿಷಯ ನಾನು ಹೇಳಲಾರೆ. ನನ್ನ ಕೈಯಲ್ಲಿದ್ದಿದ್ದರೆ ಹಕ್ಕಿಗೆ ಕೊಡುತ್ತಿದ್ದೆ.

ಪ್ರಶ್ನೆ: ಪೋಸ್ಟರ್‌ನಲ್ಲಿ 'ಜೌಗು ಪ್ರದೇಶ' ಅಂತ ಬರೆಯಬೇಕೋ 'ತರಿಭೂಮಿ' ಅಂತಲೋ? ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ಎರಡು ಪಾರ್ಟಿ ಆಗಿದೆ.
– ಪ್ರೌಢಶಾಲೆಯ ಕನ್ನಡ ಮೇಷ್ಟ್ರು, ಹಾಸನ

ಉತ್ತರ: ಸಾರ್, ಎರಡು ಪಾರ್ಟಿಯವರದ್ದೂ ಅರ್ಧರ್ಧ ಸರಿ. ತರಿ ಅನ್ನುವುದು ನಮ್ಮಲ್ಲಿ ಕಂದಾಯದ ಮಾತು. ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಅಂತ ಇರುತ್ತದಲ್ಲ, ಅದೇ ತರಿ, ನೀರಾವರಿಯ ಗದ್ದೆ. 'ತರಿ ಉಳಿಸಿ' ಅಂತ ನೀವು ಬರೆದರೆ ಹಳ್ಳಿಯ ಅಜ್ಜಿ 'ಗದ್ದೆ ಮಾರಬೇಡಿ ಅಂತಿದ್ದಾರೆ' ಅಂದುಕೊಳ್ಳುತ್ತಾರೆ. ಜೌಗು ಅಂದರೆ ಕಾಲಿಟ್ಟರೆ ಹೂತುಹೋಗುವ, ಜೊಂಡು ಬೆಳೆದ ಜಾಗ ಕಣ್ಣಿಗೆ ಬರುತ್ತದೆ. ಕೆರೆ ಜೌಗಾ? ನದಿ ಕಡಲು ಸೇರುವ ಅಳಿವೆ ಜೌಗಾ? ಯಾರೂ ಹಾಗೆ ಅನ್ನುವುದಿಲ್ಲ.

ಆದರೆ ಅಂತರರಾಷ್ಟ್ರೀಯ ಒಪ್ಪಂದದ ಲೆಕ್ಕದಲ್ಲಿ ಎಲ್ಲವೂ ಒಳಗೆ. ನೀರು ನಿಂತಿರಲಿ ಹರಿಯಲಿ, ಸಿಹಿಯಿರಲಿ ಉಪ್ಪಿರಲಿ, ವರ್ಷಪೂರ್ತಿ ಇರಲಿ ಮಳೆಗಾಲದಲ್ಲಿ ಮಾತ್ರ ಇರಲಿ, ತಾನಾಗಿ ಆದದ್ದಿರಲಿ ಮನುಷ್ಯರು ಕಟ್ಟಿದ್ದಿರಲಿ, ಕೊನೆಗೆ ಇಳಿತದ ವೇಳೆ ಆರು ಮೀಟರ್‌ಗಿಂತ ಆಳವಿಲ್ಲದ ಸಮುದ್ರದ ಅಂಚು ಕೂಡ. ಗದ್ದೆಯೂ ಬಂತು. ತಮಾಷೆ ನೋಡಿ, ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ಮಾತ್ರ ಭತ್ತದ ಗದ್ದೆಯನ್ನು ಹೊರಗಿಟ್ಟಿವೆ. ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಕಟ್ಟಿದ ಜಲಾಶಯಗಳನ್ನೂ, ನದಿಯ ಪಾತ್ರವನ್ನೂ ಹೊರಗಿಟ್ಟಿವೆ. ನಮ್ಮ ಕೆರೆಗಳಲ್ಲಿ ಹೆಚ್ಚಿನವು ಹೊಲ ಗದ್ದೆಗೆ ಅಂತಲೇ ಕಟ್ಟಿದವು, ಅಲ್ವಾ? ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಒಂದು ಪೀರಿಯಡ್ ಚರ್ಚೆಗೆ ಬಿಡಿ, ಚೆನ್ನಾಗಿ ಜಗಳವಾಡುತ್ತಾರೆ.

ಪೋಸ್ಟರ್‌ಗೆ ನನ್ನ ಸಲಹೆ ಇಷ್ಟು. ಮೂಲೆಯಲ್ಲಿ ಸಣ್ಣಕ್ಕೆ 'ವಿಶ್ವ ಜೌಗು ಪ್ರದೇಶ ದಿನ' ಇರಲಿ. ದೊಡ್ಡ ಅಕ್ಷರದಲ್ಲಿ ಊರಿನವರು ಕರೆಯುವ ಹೆಸರೇ ಇರಲಿ: ಕೆರೆ, ಕಟ್ಟೆ, ಗೋಕಟ್ಟೆ, ಅಳಿವೆ, ಹಿನ್ನೀರು. ಸಿದ್ದಾಪುರದ ಕಡೆಯ ಮಕ್ಕಳಾದರೆ 'ರಾಮಪತ್ರೆ ಜಡ್ಡಿ' ಅಂತ ಬರೆಯಲಿ. ಕತ್ತಲೆಕಾನಿನಂಥ ಕಾಡಿನಲ್ಲಿ, ಹಳ್ಳದ ನೀರು ನಿಲ್ಲುವ ಜಾಗದಲ್ಲಿ ಮರದ ಬೇರು ಮಂಡಿ ಮಡಿಸಿದ ಹಾಗೆ ಮೇಲೆದ್ದು ನಿಂತಿರುತ್ತದೆ. ಅದನ್ನು ಜಡ್ಡಿ ಅಂದಾಗ ಬರುವ ಚಿತ್ರ ಜೌಗು ಅಂದಾಗ ಬರುವುದಿಲ್ಲ.

ಪ್ರಶ್ನೆ: ನಾನು ಎಷ್ಟು ಸಲ ಬರೆದರೂ ಸಾಲಿನ ಮೊದಲ ಅಕ್ಷರಗಳು ದೊಡ್ಡದಾಗಿ, ಕೊನೆಗೆ ಜಾಗ ಇಲ್ಲದೆ ಇರುವೆ ಸಾಲಿನ ಹಾಗೆ ಆಗುತ್ತವೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿನಲ್ಲಿ ಬರೆದರೆ ಹೀಗಾಗಲ್ಲ. ಇಂಗ್ಲಿಷಿನಲ್ಲೇ ಬರೆದುಬಿಡಲಾ?
– ಒಂಬತ್ತನೇ ಕ್ಲಾಸ್ ವಿದ್ಯಾರ್ಥಿ, ತುಮಕೂರು

ಉತ್ತರ: ಬೇಡಪ್ಪ. ನಿನ್ನ ತಪ್ಪೂ ಅಲ್ಲ, ಕನ್ನಡದ ತಪ್ಪೂ ಅಲ್ಲ. ಇಂಗ್ಲಿಷಿನ ಲೆಕ್ಕದಲ್ಲಿ ಗೆರೆ ಹಾಕಿ ಕನ್ನಡ ಬರೆಯಲು ಹೋಗಿದ್ದೀಯ, ಅಷ್ಟೇ.

ಕನ್ನಡದ ಸಾಲು ಮೂರಂತಸ್ತಿನ ಮನೆ. ನಡುವೆ ಅಕ್ಷರದ ಮೈ. ಮೇಲೆ ತಲೆಕಟ್ಟು, ಗುಡಿಸು, ಎತ್ವ. ಕೆಳಗೆ ಒತ್ತು. ಎರಡು ಗೆರೆ ಹಾಕಿ ನಡುವೆ ಎಲ್ಲವನ್ನೂ ತುರುಕಿದರೆ ಕೆಳಗಿನ ಮನೆಯವರಿಗೆ ಜಾಗ ಎಲ್ಲಿ? ಹಾಗಾಗಿ ನಾಲ್ಕು ಗೆರೆ ಹಾಕು, ಪೆನ್ಸಿಲ್ಲಿನಲ್ಲಿ, ಕಂಡೂ ಕಾಣದ ಹಾಗೆ. ಮೈಗೆ ಒಂದು ಅಂಗುಲ ಇಟ್ಟರೆ ಮೇಲೆ ಕಾಲು ಅಂಗುಲ, ಕೆಳಗೆ ಅರ್ಧ ಅಂಗುಲ ಬಿಡು. ಆಮೇಲೇ ಮುಂದಿನ ಸಾಲು.

ಇನ್ನು ಉದ್ದದ ಲೆಕ್ಕ. ಒಂದು ಸಾಲು ಹಿಡಿಯೋಣ: 'ಕೋಡಿ ಬಿದ್ದ ಕೆರೆ ನೋಡಿದ್ದೀರಾ?' ಎಣಿಸು, ಹತ್ತು ಅಕ್ಷರ. ಆದರೆ ಎಲ್ಲವೂ ಒಂದೇ ಅಗಲ ಅಲ್ಲ. ಕೋ, ನೋ, ದ್ದೀ, ಈ ಮೂರಕ್ಕೆ ದೀರ್ಘದ ಬಾಲ ಇದೆ, ಒಂದೊಂದಕ್ಕೂ ಅರ್ಧ ಅಕ್ಷರದ ಜಾಗ ಜಾಸ್ತಿ ಕೊಡು. ಪದಗಳ ನಡುವೆ ಮೂರು ಖಾಲಿ ಜಾಗ, ಅದಕ್ಕೂ ಅರ್ಧರ್ಧ. ಒಟ್ಟು ಹದಿಮೂರು. ನಿನ್ನ ಚಾರ್ಟ್ ಶೀಟ್ 22 ಅಂಗುಲ ಅಗಲ ಅಂತಿಟ್ಟುಕೋ. ಎರಡೂ ಕಡೆ ಎರಡೆರಡು ಅಂಗುಲ ಬಿಟ್ಟರೆ ಉಳಿದದ್ದು 18. ಅದನ್ನು 13ರಿಂದ ಭಾಗಿಸಿದರೆ ಒಂದು ಅಕ್ಷರಕ್ಕೆ ಒಂದೂಕಾಲು ಅಂಗುಲಕ್ಕಿಂತ ಸ್ವಲ್ಪ ಮೇಲೆ. ಒಂದೂಕಾಲೇ ಹಿಡಿ, ಪ್ರಶ್ನೆ ಚಿಹ್ನೆಗೂ ಜಾಗ ಸಿಗುತ್ತದೆ. ಹಾಳೆಯನ್ನು ಮೆಲ್ಲಗೆ ಬಾಗಿಸಿ ಮಧ್ಯ ಎಲ್ಲಿ ಅಂತ ಒಂದು ಚುಕ್ಕಿ ಇಡು, ಮಡಿಕೆ ಬೀಳಿಸಬೇಡ. ಸಾಲಿನ ಮಧ್ಯವೂ ಅಲ್ಲಿಗೇ ಬರಬೇಕು.

ಇಷ್ಟೆಲ್ಲ ಗಣಿತ ಬೇಜಾರಾದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ಹಳೇ ನ್ಯೂಸ್‌ಪೇಪರಿನ ಪಟ್ಟಿಯ ಮೇಲೆ ಸಾಲನ್ನು ಪೂರ್ತಿ ಬರಿ. ಒಂದೊಂದು ಪದ ಕತ್ತರಿಸಿ ಚಾರ್ಟ್ ಮೇಲೆ ಇಟ್ಟು ಆಚೆ ಈಚೆ ಸರಿಸು. ಸರಿ ಕಂಡಾಗ ಅಂಚಿನಲ್ಲಿ ಗುರುತು ಹಾಕಿಕೊಂಡು ಬರಿ. ಅಂಗಡಿಯ ಬೋರ್ಡ್ ಬರೆಯುವ ಪೇಂಟರ್ ಒಬ್ಬರು ಕೆಲಸ ಮಾಡುವುದನ್ನು ಅರ್ಧ ಗಂಟೆ ನಿಂತು ನೋಡಿದರೆ ನಾನು ಹೇಳಿದ್ದಕ್ಕಿಂತ ಜಾಸ್ತಿ ಕಲಿಯುತ್ತೀಯ. ಈಗ ಫ್ಲೆಕ್ಸ್ ಬಂದು ಅಂಥವರು ಸಿಗುವುದೇ ಕಷ್ಟ, ಅದು ಬೇರೆ ಕಥೆ.

ಅಕ್ಷರ ಎಷ್ಟು ದೊಡ್ಡದಿರಬೇಕು? ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ ಅನ್ನುವುದು ಬೋರ್ಡ್ ಬರೆಯುವವರ ಹಳೇ ಲೆಕ್ಕ. ಕನ್ನಡಕ್ಕೆ ಅದರ ಮೇಲೆ ಸ್ವಲ್ಪ ಸೇರಿಸು, ಒತ್ತು ಕಾಣಬೇಕಲ್ಲ. ಸ್ಕೆಚ್ ಪೆನ್ನಿನ ಸಣ್ಣ ಮೊನೆಯಲ್ಲಿ ದೊಡ್ಡ ಅಕ್ಷರ ಬರೆದರೆ ಉಪವಾಸ ಬಿದ್ದವರ ಹಾಗೆ ಕಾಣುತ್ತದೆ. ಚಪ್ಪಟೆ ಮೊನೆಯ ಮಾರ್ಕರ್ ತಗೋ. ಇಲ್ಲವೇ ಐಸ್‌ಕ್ರೀಂ ಕಡ್ಡಿಯ ತುದಿಯನ್ನು ನೇರ ಕತ್ತರಿಸಿ ಪೋಸ್ಟರ್ ಕಲರ್‌ನಲ್ಲಿ ಅದ್ದಿ ಬರಿ. ಕನ್ನಡದ ದುಂಡು ತಿರುವುಗಳು ಆ ಕಡ್ಡಿಯಲ್ಲಿ ಎಷ್ಟು ಚೆನ್ನಾಗಿ ಬರುತ್ತವೆ ಅಂದರೆ, ಇಂಗ್ಲಿಷಿನ ವಿಷಯ ನೀನೇ ಮರೆತುಬಿಡುತ್ತೀಯ. ಬಿಳಿಯ ಮೇಲೆ ಹಳದಿ ಮಾತ್ರ ಬೇಡ. ಹತ್ತಿರದಿಂದ ಚಂದ, ದೂರದಿಂದ ಖಾಲಿ ಹಾಳೆ. ಮೊದಲು ಬಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಅಕ್ಷರ. ಅಂಗೈ ಕೆಳಗೆ ಒಂದು ರಫ್ ಹಾಳೆ ಇರಲಿ, ಬೆವರಿಗೆ ಸ್ಕೆಚ್ ಪೆನ್ ಕದಡುತ್ತದೆ.

ಒತ್ತಕ್ಷರದ ಕಾಟ ಕಡಿಮೆ ಮಾಡಲು ಪದವನ್ನೇ ಬದಲಿಸಬಹುದು. 'ಸಂರಕ್ಷಿಸಿ' ಬದಲು 'ಉಳಿಸಿ', 'ಕಾಪಾಡಿ'. ಬರೆಯಲೂ ಸುಲಭ, ಕಿವಿಗೂ ಹಿತ.

ಪ್ರಶ್ನೆ: ನನ್ನ ಮಗ ಐದನೇ ಕ್ಲಾಸು. ಬೆಳ್ಳಂದೂರು ಕೆರೆಯ ನೊರೆ ಬರೆಯುತ್ತೇನೆ ಅಂತ ಹಟ ಮಾಡುತ್ತಿದ್ದಾನೆ. ತುಂಬಾ ನೆಗೆಟಿವ್ ಅನ್ನಿಸಲ್ವಾ? ನಾನು ಮೊಬೈಲಿನಲ್ಲಿ ಎಐ ಕೈಲಿ ಒಂದು ಚಂದದ ಕೆರೆ ಚಿತ್ರ ಮಾಡಿಸಿದ್ದೇನೆ, ಅದನ್ನು ಟ್ರೇಸ್ ಮಾಡು ಅಂದರೆ ಕೇಳುತ್ತಿಲ್ಲ.
– ಒಬ್ಬ ಅಪ್ಪ, ಬೆಂಗಳೂರು

ಉತ್ತರ: ಮಗ ಸರಿಯಾಗಿದ್ದಾನೆ ಸ್ವಾಮಿ, ನೀವು ಸ್ವಲ್ಪ ಸುಮ್ಮನಿರಿ.

ಅವನು ನೋಡಿದ್ದನ್ನು ಬರೆಯಲು ಹೊರಟಿದ್ದಾನೆ. ಅದು ನೆಗೆಟಿವ್ ಹೇಗಾಗುತ್ತದೆ? ಬರೀ ನೊರೆ ಬರೆದು 'ಅಯ್ಯೋ' ಅಂದರೆ ಅರ್ಧಕ್ಕೆ ನಿಂತ ಹಾಗೆ, ಅದು ನಿಜ. ನೊರೆ ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಲಿ. ಮನೆಮನೆಯ ಬಚ್ಚಲು, ವಾಷಿಂಗ್ ಮೆಷಿನ್ನಿನ ಸೋಪು ನೀರು, ಕಕ್ಕಸಿನ ನೀರು, ಶುದ್ಧ ಮಾಡದೆ ರಾಜಕಾಲುವೆ ಸೇರಿ ಕೆರೆಗೆ ಬರುತ್ತದೆ. ಕೋಡಿಯಲ್ಲಿ ಮೇಲಿಂದ ಧುಮುಕುವಾಗ ಮೊಸರು ಕಡೆದಂತೆ ಕಡೆದು ನೊರೆ ಏಳುತ್ತದೆ. ಗಾಳಿ ಬಂದರೆ ರಸ್ತೆಗೆ ಹಾರುತ್ತದೆ. ಆ ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತ್ತು, 2018ರ ಜನವರಿಯಲ್ಲಿ ಮತ್ತೆ. ಆಗ ಆರಿಸಲು ಸೈನಿಕರೂ ಬಂದಿದ್ದರು. ನೀರಿಗೆ ಬೆಂಕಿ ಅಂತ ಗಾದೆಯಲ್ಲೂ ಕೇಳಿರಲಿಲ್ಲ ನಾವು. ಅಗರ ಕೆರೆಯ ಹೆಚ್ಚುವರಿ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ. ಒಂದು ಕೆರೆಯ ಕೊಳೆ ಆ ಕೆರೆಯಲ್ಲೇ ನಿಲ್ಲುವುದಿಲ್ಲ. ಹಾಳೆಯ ಎಡ ಮೂಲೆಯಲ್ಲಿ ನಿಮ್ಮ ಮನೆಯ ವಾಷಿಂಗ್ ಮೆಷಿನ್, ಅದರಿಂದ ಒಂದು ಪೈಪು, ಪೈಪು ಸುತ್ತಿಸುತ್ತಿ ಬಲ ಮೂಲೆಯ ಕೆರೆಗೆ. ಹತ್ತು ವರ್ಷದ ಹುಡುಗ ಬರೆಯಬಲ್ಲ ಚಿತ್ರ, ಮತ್ತು ದೊಡ್ಡವರಿಗೆ ಸ್ವಲ್ಪ ಮುಜುಗರ ತರುವ ಚಿತ್ರ.

ಒಂದು ಕೈಚಳಕ ಹೇಳಿಕೊಡಿ ಅವನಿಗೆ. ನೊರೆ ಇರಬೇಕಾದ ಕಡೆ ಬಿಳಿ ಮೇಣದಬತ್ತಿಯನ್ನು ಗುಂಡಗುಂಡಗೆ ಒತ್ತಿ ಉಜ್ಜಲಿ. ಏನೂ ಕಾಣುವುದಿಲ್ಲ. ಅದರ ಮೇಲೆ ತೆಳುವಾಗಿ ಕಲಸಿದ ಕಪ್ಪು ನೀಲಿ ವಾಟರ್ ಕಲರ್ ಬಳಿಯಲಿ. ಮೇಣ ಇದ್ದ ಕಡೆ ಬಣ್ಣ ಹತ್ತುವುದಿಲ್ಲ, ನೊರೆ ಬೆಳ್ಳಗೆ ಎದ್ದು ಬರುತ್ತದೆ. ಅವನ ಮುಖ ನೋಡಿ ಆಗ.

ಎಐ ಚಿತ್ರದ ಬಗ್ಗೆ: ಟ್ರೇಸ್ ಮಾಡಿದ್ದು ಮೇಷ್ಟ್ರುಗಳಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೈಬರಹದ ಪೋಸ್ಟರ್ ಕೇಳಿರುವುದು ನಿಮ್ಮ ಮಗನ ಕೈ ನೋಡಲಿಕ್ಕೆ. ನೀವು ಸ್ಕೇಲ್ ಹಿಡಿದುಕೊಳ್ಳಿ, ಬಣ್ಣದ ನೀರು ಬದಲಿಸಿ ಕೊಡಿ.

ಪ್ರಶ್ನೆ: ರಾಮ್ಸಾರ್ ಅಂದರೆ ಏನು? ಕರ್ನಾಟಕದಲ್ಲಿ ಎಷ್ಟಿವೆ? ಪೋಸ್ಟರ್‌ನಲ್ಲಿ ಅಂಕಿ ಸಂಖ್ಯೆ ಹಾಕಬೇಕಾ?
– ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಇದು ಕೇಳಿದ್ದು ಒಳ್ಳೆಯದಾಯಿತು ಮಗಳೇ. ಆ ನಲವತ್ತು ಚಿಲ್ಲರೆ ಪೋಸ್ಟರ್‌ಗಳಲ್ಲಿ ಒಂದರಲ್ಲಿ 'ಕೆರೆ ಉಳಿಸಿದ ರಾಮ್ ಸಾರ್ ಅವರಿಗೆ ನಮನ' ಅಂತ ಇತ್ತು. ಕನ್ನಡಕ ಹಾಕಿದ ಒಬ್ಬ ಮೇಷ್ಟ್ರ ಚಿತ್ರವೂ ಇತ್ತು! ರಾಮ್ಸಾರ್ ಅನ್ನುವುದು ಊರು, ಇರಾನಿನಲ್ಲಿ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿದೆ. 1971ರ ಫೆಬ್ರವರಿ 2ರಂದು ಅಲ್ಲಿ ಜೌಗು ಪ್ರದೇಶಗಳ ಒಪ್ಪಂದ ಆಯಿತು. ಅದಕ್ಕೇ ಆ ದಿನ. 1997ರಿಂದ ಆಚರಣೆ ನಡೆಯುತ್ತಿದೆ. ಆ ಒಪ್ಪಂದದ ಪಟ್ಟಿಗೆ ಸೇರಿದ ಜಾಗವನ್ನೇ ರಾಮ್ಸಾರ್ ತಾಣ ಅನ್ನುವುದು.

ಭಾರತ 1982ರಲ್ಲಿ ಒಪ್ಪಂದ ಸೇರಿದರೂ ಕರ್ನಾಟಕದ ಒಂದು ಜಾಗ ಪಟ್ಟಿಗೆ ಬರಲು 2022 ಆಗಬೇಕಾಯಿತು. ನಲವತ್ತು ವರ್ಷ! ಸಾವಿರಾರು ಕೆರೆಗಳ ನಾಡು ನಮ್ಮದು, ಇದಕ್ಕೆ ಏನನ್ನಬೇಕೋ. ಆ ಮೊದಲನೆಯದು ನಿನ್ನ ಜಿಲ್ಲೆಯದೇ, ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು. ಪಕ್ಷಿ ತಜ್ಞ ಸಲೀಂ ಅಲಿ ಅವರು ಹೇಳಿದ ಮೇಲೆ ಮೈಸೂರು ಅರಸರು 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. 2024ರ ಜನವರಿಯಲ್ಲಿ ಇನ್ನೂ ಮೂರು ಸೇರಿದವು: ಗದಗದ ಮಾಗಡಿ ಕೆರೆ, ಕುಮಟಾ ಕಡೆಯ ಅಘನಾಶಿನಿ ಅಳಿವೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅಂಕಸಮುದ್ರದ ಕೆರೆಯಂಗಳದ ಜಾಲಿ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜಾಲಿಯನ್ನು ಮುಳ್ಳು ಅಂತ ಬೈಯುವವರು ಒಮ್ಮೆ ಹೋಗಿ ನೋಡಬೇಕು.

ಅಂಕಿ ಒಂದು ಸಾಕು. ಅದರ ಜೊತೆ ಇಸವಿ ಇರಲಿ, 'ಕರ್ನಾಟಕದ ನಾಲ್ಕು ರಾಮ್ಸಾರ್ ತಾಣಗಳು, 2024' ಅಂತ. ದೇಶದ ಒಟ್ಟು ಸಂಖ್ಯೆ ಏರುತ್ತಲೇ ಇರುತ್ತದೆ, ಗೈಡ್ ಪುಸ್ತಕದ್ದನ್ನು ಹಾಕಿದರೆ ಹಳೆಯದಾಗಿರುತ್ತದೆ. ಇನ್ನೊಂದು: ಮಂಡ್ಯದವಳು ನೀನು, ಗುಲಾಬಿ ಬಣ್ಣದ ಫ್ಲೆಮಿಂಗೋ ಬರೆಯಬೇಡ. ನಿನಗೆ ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರೇ ಇದೆ. ಊರೊಳಗಿನ ಮರಗಳ ಮೇಲೆ, ಮನೆ ಹೆಂಚಿನ ಎತ್ತರದಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಅವು ಮೇವಿಗೆ ಹೋಗುವುದು ಸುತ್ತಲ ಕೆರೆ ಹೊಳೆಗಳಿಗೆ. ಮರ ಉಳಿದು ಕೆರೆ ಬತ್ತಿದರೆ ಮರಿಗೆ ಮೀನು ಎಲ್ಲಿಂದ ತರಬೇಕು? ಹಾಳೆಯ ಮೇಲರ್ಧ ಗೂಡು, ಕೆಳಗರ್ಧ ಕೆರೆ, ನಡುವೆ ಕೊಕ್ಕಿನಲ್ಲಿ ಮೀನು ಹಿಡಿದ ಒಂದು ಹಕ್ಕಿ. ಪೋಸ್ಟರ್ ಮುಗಿಯಿತು.

ಪ್ರಶ್ನೆ: ನಮ್ಮ ಕಡೆ ಎಲ್ಲರೂ ಕಾಂಡ್ಲಾ ಗಿಡ ಬರೆದು 'ಮ್ಯಾಂಗ್ರೋವ್ ಉಳಿಸಿ' ಅಂತಾರೆ. ಬೇರೆ ಏನಾದರೂ ಬರೆಯಬಹುದಾ?
– ಪಿಯುಸಿ ವಿದ್ಯಾರ್ಥಿ, ಕುಮಟಾ

ಉತ್ತರ: ಕಾಂಡ್ಲಾ ಬರೆದರೆ ತಪ್ಪೇನಿಲ್ಲ, ಆದರೆ ಹೆಚ್ಚಿನವರು ತೆಂಗಿನ ಮರಕ್ಕೆ ನಾಲ್ಕು ಬೇರು ಅಂಟಿಸಿದ ಹಾಗೆ ಬರೆಯುತ್ತಾರೆ. ದೋಣಿಯಲ್ಲಿ ಹತ್ತಿರ ಹೋಗಿ ನೋಡು. ಒಂದು ಜಾತಿಗೆ ಊರುಗೋಲು ಹಿಡಿದ ಹಾಗೆ ಬೇರು, ಇನ್ನೊಂದಕ್ಕೆ ಕೆಸರಿನಿಂದ ಪೆನ್ಸಿಲ್ ಮೊನೆಗಳು ಎದ್ದಂತೆ ನೂರಾರು ಬೇರು, ಉಸಿರಾಡಲು. ಕೆಲವದರ ಬೀಜ ಮರದಲ್ಲೇ ಮೊಳೆತು ಸಣ್ಣ ನುಗ್ಗೆಕಾಯಿಯ ಹಾಗೆ ನೇತಾಡುತ್ತದೆ. ಅದನ್ನೇ ದೊಡ್ಡದಾಗಿ ಬರೆದರೂ ಜನ ನಿಂತು 'ಇದೇನಿದು' ಅಂತಾರೆ.

ಬೇರೆ ಬೇಕು ಅಂದರೆ, ಇಳಿತದ ಹೊತ್ತಿಗೆ ಸೊಂಟದಷ್ಟು ನೀರಿನಲ್ಲಿ ನಿಂತು ಚಿಪ್ಪಿ, ಅದೇ ಬಳಚು, ತೆಗೆಯುವ ಹೆಂಗಸರನ್ನು ಬರಿ. ಇಲ್ಲವೇ ಗಜನಿಯ, ಅಂದರೆ ಅಳಿವೆ ಅಂಚಿನ ಉಪ್ಪುನೀರಿನ ಗದ್ದೆಯ, ಕಗ್ಗ ಭತ್ತ. ಉಪ್ಪು ನೀರು ನುಗ್ಗಿದರೂ ತಡೆಯುವ, ಮುಳುಗಿದರೂ ಬೇಗ ಸಾಯದ ಆ ಭತ್ತದ ಮುಂದೆ ಬೇರೆ ತಳಿಗಳು ನಿಲ್ಲುವುದಿಲ್ಲ. ಜೌಗು ಅಂದರೆ ಬರೀ ಹಕ್ಕಿ, ಹಸಿರು ಅಂದುಕೊಂಡವರಿಗೆ ಅದು ಅನ್ನ ಕೂಡ ಅಂತ ತೋರಿಸಿದ ಹಾಗೂ ಆಯಿತು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿಯ ಕಡೆ ಹುಟ್ಟಿ ಸಿಹಿನೀರು ತಡೆಯಿಲ್ಲದೆ ನಿಮ್ಮ ಅಳಿವೆಗೆ ಬಂದು ಉಪ್ಪಿನ ಜೊತೆ ಬೆರೆಯುತ್ತದೆ. ಬಳಚು, ಮೀನು, ಕಾಂಡ್ಲಾ ಎಲ್ಲ ಆ ಬೆರಕೆಯ ಮೇಲೆ ನಿಂತಿವೆ. ಎರಡು ನೀಲಿ ಒಂದಕ್ಕೊಂದು ಕರಗುವ ಹಾಗೆ ವಾಟರ್ ಕಲರ್‌ನಲ್ಲಿ ಮಾಡಲು ಬಂದರೆ, ಅದೇ ಹಿನ್ನೆಲೆ.

ಪ್ರಶ್ನೆ: ಈ ಪೋಸ್ಟರ್‌ಗಳಿಂದ ಒಂದಾದರೂ ಕೆರೆ ಉಳಿದಿದೆಯಾ? ಸುಮ್ಮನೆ ಹಾಳೆ ದಂಡ. ಒತ್ತುವರಿ ಮಾಡುವವರು ಪೋಸ್ಟರ್ ಓದುತ್ತಾರಾ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಓದುವುದಿಲ್ಲ ಸಾರ್. ಒತ್ತುವರಿಗೆ ಸರ್ವೆ ಬೇಕು, ಕೋರ್ಟು ಬೇಕು, ಹಟ ಹಿಡಿಯುವ ಊರಿನವರು ಬೇಕು. ಮಕ್ಕಳ ಚಾರ್ಟ್‌ನಿಂದ ಅದು ಆಗುವುದಿಲ್ಲ, ನಿಮ್ಮ ಮಾತು ಒಪ್ಪಿದೆ. ಶಾಲೆಯ ಕಾರಿಡಾರಿನಲ್ಲಿ ಒಂದು ವಾರ ನೇತಾಡಿ ಸ್ಟೋರ್ ರೂಮಿಗೆ ಹೋಗುವ ಪೋಸ್ಟರ್ ನಿಜಕ್ಕೂ ಹಾಳೆ ದಂಡವೇ.

ಆದರೆ ಎಲ್ಲಾ ಹಾಳು ಒತ್ತುವರಿಯಿಂದ ಆಗುವುದಲ್ಲ. ನಮ್ಮ ಮನೆ ಹತ್ತಿರದ ಕೆರೆಯ ಏರಿಗೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ. ದೇವರ ಮನೆಯ ಬಾಡಿದ ಹೂವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ತಂದು ಕೈ ಮುಗಿದು ನೀರಿಗೆ ಎಸೆಯುವವರು ದಿನಕ್ಕೆ ನಾಲ್ಕೈದು ಜನ. ಕೆಟ್ಟವರಲ್ಲ, ಹೂವನ್ನು ತುಳಿದಾಡಬಾರದು ಅನ್ನುವ ಭಕ್ತಿಯಿಂದಲೇ ತರುತ್ತಾರೆ. ಅಲ್ಲಿನ ಒಬ್ಬ ಹುಡುಗಿ, ಏಳನೇ ಕ್ಲಾಸಿರಬೇಕು, ಸ್ಪರ್ಧೆಯಲ್ಲಿ ಏನೂ ಬಾರದ ತನ್ನ ಪೋಸ್ಟರನ್ನು ತಂದು ಮೆಟ್ಟಿಲ ಪಕ್ಕದ ಅರಳಿಮರಕ್ಕೆ ಕಟ್ಟಿದಳು. ಒಂದು ದಾಸವಾಳದ ಗಿಡದ ಚಿತ್ರ, 'ದೇವರ ಹೂವು ಗಿಡದ ಬುಡಕ್ಕೆ' ಅಂತ ಬರಹ, ಕೆಳಗೊಂದು ಹಳೇ ಬುಟ್ಟಿ. ಎಲ್ಲರೂ ಬದಲಾದರು ಅಂತ ಸುಳ್ಳು ಹೇಳಲಾರೆ. ಬುಟ್ಟಿ ಮಾತ್ರ ಮಧ್ಯಾಹ್ನಕ್ಕೆ ತುಂಬಿರುತ್ತಿತ್ತು. ಮಳೆಗೆ ಪೋಸ್ಟರ್ ಹರಿದ ಮೇಲೂ ಬುಟ್ಟಿ ಇತ್ತು.

'ಕೆರೆ ಉಳಿಸಿ' ಅಂದರೆ ಯಾರಿಗೆ ಹೇಳಿದ್ದು? ಯಾರಿಗೂ ಅಲ್ಲ. ಹೂವು ತರುವವರಿಗೆ, ಕೋಳಿ ಅಂಗಡಿಯವರಿಗೆ, ಗಣೇಶನನ್ನು ಕೂರಿಸುವ ಹುಡುಗರಿಗೆ, ಹೀಗೆ ಒಬ್ಬರಿಗೆ ಹೇಳಿ, ಅವರು ಓಡಾಡುವ ಕಡೆಯೇ ಅಂಟಿಸಿದರೆ ಏನಾದರೂ ಆಗಬಹುದು. ಅಂಗಡಿ ಗೋಡೆಗೆ ಅಂಟಿಸುವ ಮುಂಚೆ ಕೇಳಿ ಅಂಟಿಸಲಿ. ಮೈದಾ ಅಂಟು ಸಾಕು. ಥರ್ಮಕೋಲ್, ಮಿನುಗು ಪುಡಿ, ಲ್ಯಾಮಿನೇಷನ್ ಬೇಡ, ಕೊನೆಗೆ ಅದೂ ಕೆರೆಗೇ ಹೋಗುತ್ತದೆ.

ಪ್ರಶ್ನೆ: ಅರ್ಜೆಂಟ್. ಪೋಸ್ಟರ್ ಪೂರ್ತಿ ಮುಗಿದ ಮೇಲೆ ನೋಡಿದರೆ 'ರಕ್ಷಿಸಿ' ಬದಲು 'ರಕ್ಶಿಸಿ' ಅಂತ ಬರೆದಿದ್ದೇನೆ, ಮಾರ್ಕರ್‌ನಲ್ಲಿ. ಹೊಸ ಚಾರ್ಟ್‌ಗೆ ಅಮ್ಮ ದುಡ್ಡು ಕೊಡಲ್ಲ.
– ಆರನೇ ಕ್ಲಾಸ್, ದಾವಣಗೆರೆ

ಉತ್ತರ: ಅಮ್ಮನ ತಪ್ಪಿಲ್ಲ. ಅದೇ ಬಣ್ಣದ ಹಾಳೆಯ ಒಂದು ತುಂಡಿನ ಮೇಲೆ 'ಉಳಿಸಿ' ಅಂತ ಬರೆದು, ಮೀನಿನ ಆಕಾರಕ್ಕೆ ಕತ್ತರಿಸಿ, ತಪ್ಪಿನ ಮೇಲೆ ಅಂಟಿಸು. ಒಂದೇ ಮೀನು ಇದ್ದರೆ ತೇಪೆ ಅಂತ ಗೊತ್ತಾಗುತ್ತದೆ. ಅಲ್ಲಲ್ಲಿ ಇನ್ನೂ ಎರಡು ಅಂಟಿಸಿಬಿಡು.